ನಾಲ್ಕು ಮಡಿಕೆಯ ಬಿಳಿ ಬಟ್ಟೆ

"ಸೂಜಿ ತೆಗೀರಿ ಡಾಕ್ಟ್ರಮ್ಮ. ನನ್ ಕುದ್ರೆಗೆ ಬ್ಯಾಡ."

ಪದ್ಮಿನಿ ತಲೆ ಎತ್ತಿ ನೋಡಿದಳು.

ಎದುರಿಗಿದ್ದವನು ಅವಳ ಕೈ ಹಿಡಿದಿರಲಿಲ್ಲ, ಜಗಳಕ್ಕೂ ನಿಂತಿರಲಿಲ್ಲ. ಕುದುರೆಯ ಕುತ್ತಿಗೆಗೂ ಅವಳ ಸೂಜಿಗೂ ನಡುವೆ ತನ್ನ ಅಂಗೈ ಇಟ್ಟಿದ್ದ, ಅಷ್ಟೇ. ಇನ್ನೊಂದು ಚೂರು ಮುಂದೆ ಹೋಗಿದ್ದರೆ ಸೂಜಿ ಆ ಅಂಗೈಗೇ ಚುಚ್ಚುತ್ತಿತ್ತು.

"ಮೊದ್ಲು ಕೈ ತೆಗೀರಿ. ಹುಚ್ಚಾ ನಿಮಗೆ?"

"ನೀವು ಸೂಜಿ ತೆಗೀರಿ, ಕೈ ತಾನಾಗೇ ಓಯ್ತದೆ."

ಕೊಳ್ಳೇಗಾಲದಾಚೆಯ ಒಣ ಕೆರೆ ಬಯಲಿನಲ್ಲಿ ಅವತ್ತು ಮರಿ ಕುದುರೆಗಳ ಓಟ. ಮೂರು ವರ್ಷ ತುಂಬದ ಕುದುರೆಗಳಿಗೆ ಮಾತ್ರ. ಯಳಂದೂರಿನಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡಿದ್ದ ಪದ್ಮಿನಿಯನ್ನು ಓಟದ ಕಮಿಟಿಯವರು ತಮ್ಮ ಪಶುವೈದ್ಯೆಯಾಗಿ ಕರೆಸಿಕೊಂಡಿದ್ದರು. ಅವಳು ಬಂದು ಜಾರಿಗೆ ತಂದ ಮೊದಲ ನಿಯಮವೇ ಈ ಸೂಜಿ.

ಎಳೆಯ ಕುದುರೆಗಳು ಉಸಿರು ಕಟ್ಟಿ ಓಡುವಾಗ ಶ್ವಾಸಕೋಶದ ಸಣ್ಣ ನಾಳಗಳು ಒಡೆದು ಮೂಗಿನಲ್ಲಿ ರಕ್ತ ಬರುತ್ತದೆ. ಓಟಕ್ಕೆ ನಾಲ್ಕು ಗಂಟೆ ಮೊದಲು ಈ ಸೂಜಿ ಹಾಕಿದರೆ ಕುದುರೆ ಮತ್ತೆ ಮತ್ತೆ ಉಚ್ಚೆ ಹೊಯ್ದು ಮೈಯ ನೀರು ಇಳಿಸುತ್ತದೆ, ನಾಳ ಒಡೆಯುವುದು ಕಡಿಮೆಯಾಗುತ್ತದೆ. ಊರವರು ಅದಕ್ಕೆ 'ನೀರಿಳಿಸೋ ಸೂಜಿ' ಎಂದು ಹೆಸರಿಟ್ಟಿದ್ದರು. ಮಾಲೀಕರು ಒಪ್ಪಿದರೆ ಮಾತ್ರ, ಬಲವಂತ ಇರಲಿಲ್ಲ. ಆದರೂ ಹಾಕಿಸದವರು ಯಾರೂ ಇರಲಿಲ್ಲ.

ಇವನೊಬ್ಬನನ್ನು ಬಿಟ್ಟು.

"ನಾಳೆ ಇದು ಮೂಗಲ್ಲಿ ರಕ್ತ ಬಂದು ಬಿದ್ರೆ ಯಾರು ಹೊಣೆ?" ಎಂದಳು ಪದ್ಮಿನಿ.

"ರಕ್ತ ಬರೋ ಕುದ್ರೆನ ಮನೇಲಿ ಕಟ್ಬೇಕು. ಸೂಜಿ ಆಕ್ಬುಟ್ಟು ಓಡ್ಸೋದಲ್ಲ."

"ಇದು ವಿಷ ಅಲ್ಲ ಕಣ್ರೀ, ಔಷಧಿ. ಮನುಷ್ಯರಿಗೂ ಕೊಡ್ತಾರೆ."

"ಕೊಡ್ತಾರೆ, ಸರಿ. ತಕಂಡೋರ್ನ ಮಂಚದ ಮ್ಯಾಲೆ ಮಲಗಿಸ್ತಾರೋ, ಬಿಸ್ಲಲ್ಲಿ ಓಡಿಸ್ತಾರೋ?"

ಸುತ್ತ ನಿಂತಿದ್ದವರು ಕಿಸಕ್ಕೆಂದು ನಕ್ಕರು. ಪದ್ಮಿನಿಯ ಮುಖ ಕೆಂಪಾಯಿತು.

ಅವನ ಹೆಸರು ಜಡೇಸ್ವಾಮಿ, ಲೊಕ್ಕನಹಳ್ಳಿಯವನು. ಕುದುರೆಯ ಹೆಸರು ಚುಕ್ಕಿ. ಎರಡೂವರೆ ವರ್ಷದ ಕೆಂಚು ಹೆಣ್ಣು, ಹಣೆಯ ಮೇಲೆ ಬಿಳಿ ಬೊಟ್ಟು. ವಾದ ಗೆದ್ದೆನೆಂದು ಅವನು ಮೆರೆಯಲಿಲ್ಲ. ಉಸಿರು ಯಾಕೋ ಸರಿಯಿಲ್ಲ ಎಂದು ಹೇಳಿ ಚುಕ್ಕಿಯನ್ನು ಓಡಿಸದೆಯೇ ಟೆಂಪೊ ಹತ್ತಿಸಿಕೊಂಡು ಹೊರಟುಹೋದ.

ನಮ್ಮ ಪದ್ಮಿನಿಗೆ ಕೋಪ ಮೂಗಿನ ತುದಿಯಲ್ಲೇ. ಮನೆಗೆ ಬಂದವಳೇ ಅಮ್ಮ ಗುರುಸಿದ್ದಮ್ಮನ ಮುಂದೆ, "ಐದು ವರ್ಷ ಓದಿದ್ದು ನಾನು. ನನಗೇ ಪಾಠ ಹೇಳ್ತಾನೆ" ಎಂದು ಹಾರಾಡಿದಳು.

ಅಮ್ಮ ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡು, "ನೋಡಕ್ಕೆ ಎಂಗವ್ನೆ?" ಎಂದರು.

ಪದ್ಮಿನಿ ಸರಕ್ಕನೆ ಒಳಗೆ ಹೋದಳು. ಆದರೆ ಆ ಅಂಗೈ... ಸೂಜಿಗೆ ಹೆದರದೆ ಅಡ್ಡ ಬಂದ ಆ ಅಂಗೈ ಮಾತ್ರ ಅವಳ ಕಣ್ಣಿಂದ ಮರೆಯಾಗಲಿಲ್ಲ.

ಒಂದು ತಿಂಗಳ ಮೇಲೆ ಲೊಕ್ಕನಹಳ್ಳಿಯಿಂದ ಫೋನ್ ಬಂತು. ಚಿರತೆಯ ಬಾಯಿಂದ ಬಿಡಿಸಿಕೊಂಡ ಕರು, ಹೊಲಿಗೆ ಹಾಕಬೇಕಿತ್ತು. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಹುರುಳಿ ಹೊಲದ ಆಚೆ ಜಡೇಸ್ವಾಮಿ ಕಂಡ. ಚುಕ್ಕಿಯನ್ನು ಓಡಿಸಿ ತಂದು, ಅರ್ಧ ಗಂಟೆ ತಲೆ ತಗ್ಗಿಸಿ ಮೇಯಲು ಬಿಟ್ಟಿದ್ದ. ಆಮೇಲೆ ಹೆಗಲ ಮೇಲಿನ ಬಿಳಿ ಬಟ್ಟೆ ತೆಗೆದು ಅದರ ಮೂಗಿನ ಎರಡೂ ಹೊಳ್ಳೆಗಳನ್ನು ಒರೆಸಿದ. ಬಟ್ಟೆಯನ್ನು ಬಿಸಿಲಿಗೆ ಹಿಡಿದು ಇಂಚು ಇಂಚಾಗಿ ನೋಡತೊಡಗಿದ.

ಪದ್ಮಿನಿಗೆ ತಡೆಯಲಾಗಲಿಲ್ಲ. ಹತ್ತಿರ ಹೋದಳು.

"ಅದರಲ್ಲಿ ಏನು ಹುಡುಕ್ತಿದ್ದೀರಿ?"

"ಕೆಂಪ." ಅವನು ಬಟ್ಟೆಯನ್ನು ಅವಳ ಮುಂದೆ ಬಿಡಿಸಿ ಹಿಡಿದ. "ಬೆಳ್ಳಗಿದ್ರೆ ಚುಕ್ಕಿ ಓಡ್ಬೋದು. ಸಾಸ್ವೆಕಾಳಷ್ಟು ಕೆಂಪು ಕಂಡ್ರೂ ಇಪ್ಪತ್ತೊಂದು ದಿನ ಕಟ್ಟಾಕ್ತೀನಿ. ನಿಮ್ ಸೂಜಿ ಆಕುದ್ರೆ ಈ ಬಟ್ಟೆ ಸುಳ್ಳು ಯೋಳಕ್ಕೆ ಸುರು ಮಾಡ್ತದೆ ಡಾಕ್ಟ್ರಮ್ಮ. ಅದ್ಕೇ ಬ್ಯಾಡ ಅಂದಿದ್ದು."

ಪದ್ಮಿನಿಯ ಹತ್ತಿರ ಉತ್ತರ ಇತ್ತು. ಸೂಜಿಯಿಂದ ಉಳಿದ ಕುದುರೆಗಳನ್ನು ಅವಳು ಕಂಡಿದ್ದಳು. ಆದರೂ ಆ ಬಟ್ಟೆಯನ್ನು ಹಿಡಿದ ಕೈಯ ಶ್ರದ್ಧೆಯನ್ನೇ ನೋಡುತ್ತಾ ನಿಂತಳು.

ಅಲ್ಲಿಂದ ಭಾನುವಾರ ಬಂತೆಂದರೆ ಅವಳ ಸ್ಕೂಟರ್ ಹನೂರು ದಾಟಿ ಲೊಕ್ಕನಹಳ್ಳಿಯ ದಾರಿ ಹಿಡಿಯುತ್ತಿತ್ತು. ಕರುವಿನ ಹೊಲಿಗೆ ನೋಡಬೇಕು ಎನ್ನುವುದು ನೆಪ. ಕರು ಗುಣವಾಗಿ ಕುಣಿದಾಡತೊಡಗಿದ ಮೇಲೂ ಹೊಲಿಗೆ ನೋಡುವುದು ನಿಲ್ಲಲಿಲ್ಲ. "ಡಾಕ್ಟ್ರಮ್ಮ ಕರ ನೋಡಕ್ ಬತ್ತರೋ, ಕುದ್ರೆ ಕಾಯೋನ್ನೋ?" ಎಂದು ಪಕ್ಕದ ಮನೆಯ ಪುಟ್ಟಮಲ್ಲಮ್ಮ ಕೇಳಿಯೇಬಿಟ್ಟರು. ಜಡೇಸ್ವಾಮಿಯ ತಾಯಿ ಕೆಂಪಾಜಮ್ಮ ನಗು ಮುಚ್ಚಿಕೊಳ್ಳಲು ಸೆರಗು ಹುಡುಕಿದರು.

ಸೂಜಿಯ ಜಗಳ ಮಾತ್ರ ಮುಗಿಯಲಿಲ್ಲ. ಪ್ರತಿ ಭಾನುವಾರ ಅವನು ಬಟ್ಟೆ ಬಿಡಿಸಿ ತೋರಿಸುತ್ತಿದ್ದ. ಪ್ರತಿ ಭಾನುವಾರ ಅದು ಬೆಳ್ಳಗೇ ಇರುತ್ತಿತ್ತು.

"ಒಂದಲ್ಲ ಒಂದು ದಿನ ನೀವು ನನ್ನ ಮಾತಿಗೆ ಒಪ್ತೀರಿ, ನೋಡ್ತಿರಿ" ಎಂದಳು ಒಮ್ಮೆ.

"ಒಪ್ಪುದ್ರೆ ನಾನೇ ನಿಮ್ ಮುಂದೆ ಬಂದು ಸೂಜಿ ಆಕಿ ಅಂತ ಕೇಳ್ತೀನಿ. ಬೇರೆಯೋರ ಕೈಲಿ ಯೋಳಿ ಕಳ್ಸಲ್ಲ."

ಅವನು ಅದನ್ನು ಹೇಳುವಾಗ ನೇರ ಅವಳ ಕಣ್ಣನ್ನೇ ನೋಡುತ್ತಿದ್ದ. ಅವಳಿಗೆ ಸೂಜಿಯ ಮಾತು ಮರೆತುಹೋಗಿ, ಆ ನೋಟವೊಂದೇ ನೆನಪಿನಲ್ಲಿ ಉಳಿಯಿತು. ಇವನನ್ನು ನಾನು ಪ್ರೀತಿಸುತ್ತಿದ್ದೇನೆ... ಎಂದು ಅವಳು ತನಗೆ ತಾನೇ ಒಪ್ಪಿಕೊಂಡಿದ್ದು ಅವತ್ತೇ. ಅವನಿಗೆ ಮಾತ್ರ ಹೇಳಲಿಲ್ಲ. ಅವನೂ ಹೇಳಲಿಲ್ಲ.

ಮಾರ್ಚ್ ತಿಂಗಳ ಓಟದ ದಿನ ಬಂತು. ಬೆಳಿಗ್ಗೆ ಹನ್ನೊಂದಕ್ಕೇ ಕೆರೆ ಬಯಲು ಹಂಚಿನ ಹಾಗೆ ಕಾದಿತ್ತು. ಹದಿನಾಲ್ಕು ಮರಿ ಕುದುರೆಗಳು. ಪದ್ಮಿನಿ ಒಂದೊಂದಕ್ಕೇ ಸೂಜಿ ಹಾಕಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು. ಅವಳ ಕಣ್ಣು ಟೆಂಪೊ ನಿಲ್ಲುವ ಕಡೆಗೇ ಇತ್ತು.

ಚುಕ್ಕಿ ಬಂತು. ಜಡೇಸ್ವಾಮಿ ಬರಲಿಲ್ಲ. ಹಗ್ಗ ಹಿಡಿದು ಬಂದವರು ಅವನ ದೊಡ್ಡಪ್ಪ ಚಿಕ್ಕಮಾದಪ್ಪ.

ಚಿಕ್ಕಮಾದಪ್ಪ ನಲವತ್ತು ವರ್ಷ ಕೊಳ್ಳೇಗಾಲದ ಬೀದಿಗಳಲ್ಲಿ ಜಟಕಾ ಓಡಿಸಿದವರು. ಚುಕ್ಕಿಯ ತಾಯಿ ರಾಣಿ ಅವರ ಜಟಕಾದ ಕೊನೆಯ ಕುದುರೆ. ಚುಕ್ಕಿಯೂ ಕಾಗದದ ಮೇಲೆ ಅವರ ಹೆಸರಿನಲ್ಲೇ ಇತ್ತು. ಈಗ ಎರಡು ಕಣ್ಣಿಗೂ ಪೊರೆ ಬಂದು ಎಲ್ಲವೂ ಮಂಜು ಮಂಜು. ಪೂರ್ತಿ ಕತ್ತಲಾಗುವ ಮೊದಲು ತನ್ನ ಮನೆಯ ಕುದುರೆ ಒಂದು ಸಲ ಗೆಲ್ಲುವುದನ್ನು ನೋಡಬೇಕು ಎನ್ನುವುದು ಆ ಮುದುಕನಿಗೆ ಉಳಿದಿದ್ದ ಒಂದೇ ಆಸೆ.

"ಜಡೇಸ್ವಾಮಿ ಎಲ್ಲಿ?" ಪದ್ಮಿನಿ ಕೇಳಿದಳು.

"ಕೆಂಪಾಜಮ್ಮಂಗೆ ಬೆಳಿಗ್ಗೆ ಎದೆ ನೋವು ಬಂತು ಕಣವ್ವ. ಆಸ್ಪತ್ರೆಗೆ ಕರ್ಕಂಡೋಗವ್ನೆ. ಈಗ ಪರವಾಗಿಲ್ವಂತೆ. ಓಗೋವಾಗ ಇದ ನಿಮ್ ಕೈಗೇ ಕೊಡು ಅಂದ."

ಅವರು ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಬಿಳಿ ಬಟ್ಟೆಯನ್ನು ತೆಗೆದು ಅವಳ ಕೈಯಲ್ಲಿಟ್ಟರು.

ತಾಯಿಗೆ ಹುಷಾರಿಲ್ಲದ ಹೊತ್ತಿನಲ್ಲೂ ಅವನಿಗೆ ನನ್ನ ನೆನಪಾಗಿದೆಯಲ್ಲ...

"ಸೂಜಿ?" ಎಂದಳು ಅನುಮಾನದಿಂದ.

ಚಿಕ್ಕಮಾದಪ್ಪ ಚುಕ್ಕಿಯ ಹಗ್ಗವನ್ನು ಕೈಗೆ ಸುತ್ತಿಕೊಂಡರು. ಸುತ್ತಲೂ ಎಲ್ಲ ಕುದುರೆಗಳಿಗೂ ಸೂಜಿಯಾಗಿತ್ತು. ಹಾಕಿಸದಿದ್ದರೆ ತಮ್ಮದು ಹಿಂದೆ ಬೀಳುತ್ತದೆ ಎಂದು ಯಾರೋ ಆಗತಾನೇ ಅವರ ಕಿವಿಗೆ ಹಾಕಿದ್ದರು.

"ಆಕ್ಸು ಅಂದವ್ನೆ ಕಣವ್ವ. ಡಾಕ್ಟ್ರಮ್ಮ ಯೋಳೋದೇ ಸರಿ ಅಂದ."

ಅವಳ ಕಣ್ಣು ತುಂಬಿ ಬಂತು. ಒಪ್ಪಿಬಿಟ್ಟ... ಐದು ತಿಂಗಳ ಜಗಳ ಮುಗಿಯಿತು.

ಫೋನ್ ಅವಳ ಕೈಯಲ್ಲೇ ಇತ್ತು. ಒಂದು ಮಾತು ಕೇಳಬಹುದಿತ್ತು. ಬೇರೆಯವರ ಕೈಲಿ ಹೇಳಿ ಕಳಿಸಲ್ಲ ಎಂದು ಅವನೇ ಹೇಳಿದ್ದು ನೆನಪಾಗಬೇಕಿತ್ತು. ಆದರೆ ಸಂತೋಷ ಅವಳನ್ನು ಕುರುಡಿ ಮಾಡಿತ್ತು. ಬಟ್ಟೆಯನ್ನು ಬಿಡಿಸಿ ಕೂಡ ನೋಡದೆ, ಮಡಿಕೆ ಮುರಿಯದ ಹಾಗೆ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಳು. ಆಮೇಲೆ ಚುಕ್ಕಿಯ ಕುತ್ತಿಗೆ ಸವರಿ ಸೂಜಿ ಹಾಕಿದಳು. ಅಡ್ಡ ಬರಲು ಅಲ್ಲಿ ಯಾವ ಅಂಗೈಯೂ ಇರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಓಟ.

ಸವಾರ ಮಣಿಕಂಠ ಕಡಿವಾಣ ಬಿಗಿಯಾಗಿ ಹಿಡಿದಿದ್ದ. ಚುಕ್ಕಿಯ ತುಟಿ ಒಣಗಿತ್ತು, ಪಕ್ಕೆ ಒಳಗೆ ಹೋಗಿತ್ತು. ಸೂಜಿ ಹಾಕಿದ ಮೇಲೆ ಓಟ ಮುಗಿಯುವ ತನಕ ನೀರು ಕುಡಿಸುವ ಹಾಗಿಲ್ಲ ಎನ್ನುವುದು ಅಲ್ಲಿನ ರೂಢಿ. ಸೀಟಿ ಊದಿದರು. ಕೆಂಪು ಧೂಳಿನಲ್ಲಿ ಹದಿನಾಲ್ಕು ಕುದುರೆಗಳು ಒಂದೇ ಗುಂಪಾಗಿ ಬಂದವು. ಅರ್ಧ ದಾರಿಯಲ್ಲಿ ಚುಕ್ಕಿ ಬೇರೆಯಾಯಿತು. ಗೆರೆ ದಾಟುವಾಗ ಎರಡನೆಯದು ಅದಕ್ಕಿಂತ ಮೂರು ಕುದುರೆ ಉದ್ದ ಹಿಂದಿತ್ತು.

ಇಪ್ಪತ್ತು ಹೆಜ್ಜೆ... ಇಪ್ಪತ್ತೇ ಹೆಜ್ಜೆ ಮುಂದೆ ಓಡಿರಬಹುದು. ಚುಕ್ಕಿಯ ಮುಂಗಾಲುಗಳು ಮಡಚಿಕೊಂಡವು. ಮಣಿಕಂಠ ಪಕ್ಕಕ್ಕೆ ಹಾರಿಕೊಂಡ. ಚುಕ್ಕಿ ಮುಖ ಕೆಳಗಾಗಿ ಮಣ್ಣಿಗೆ ಬಿತ್ತು.

ಪದ್ಮಿನಿ ಓಡಿದಳು. ಎರಡೂ ಹೊಳ್ಳೆಗಳಿಂದ ನೊರೆ ನೊರೆಯಾಗಿ ರಕ್ತ ಹರಿಯುತ್ತಿತ್ತು. ಅವಳು ಕುದುರೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ತನಗೆ ಗೊತ್ತಿದ್ದ ಯಾವ ವಿದ್ಯೆಯೂ ಆ ಹೊತ್ತಿಗೆ ಕೆಲಸಕ್ಕೆ ಬರಲಿಲ್ಲ.

ಬಯಲಿನ ಆ ತುದಿಯಿಂದ ಚಿಕ್ಕಮಾದಪ್ಪನ ದನಿ ಕೇಳುತ್ತಿತ್ತು. "ಗೆದ್ದುದ್ಯಾರ್ಲಾ? ನಮ್ ಚುಕ್ಕಿ ತಾನೇ? ಯಾರಾದ್ರೂ ಯೋಳ್ರಲಾ... ನಮ್ ಚುಕ್ಕಿ ತಾನೇ?"

ಚುಕ್ಕಿಯ ಕಣ್ಣು ತೆರೆದೇ ಇತ್ತು. ಅದರಲ್ಲಿ ಜೀವ ಇರಲಿಲ್ಲ.

ಸುದ್ದಿ ತಿಳಿದು ಜಡೇಸ್ವಾಮಿ ಆಸ್ಪತ್ರೆಯಿಂದ ಓಡಿ ಬಂದ. ಚುಕ್ಕಿಯ ಪಕ್ಕ ಕುಳಿತು ಕುತ್ತಿಗೆಯ ಮೇಲೆ ಬೆರಳಾಡಿಸಿದ. ಸೂಜಿ ಹಾಕಿದ ಜಾಗ ಸಿಕ್ಕಿತು. ಬೆರಳು ಅಲ್ಲೇ ನಿಂತಿತು.

"ಬಟ್ಟೆ ಬಂತಾ ನಿಮ್ ಕೈಗೆ?" ತಲೆ ಎತ್ತದೆ ಕೇಳಿದ.

"ಬಂತು."

ಅವನು ತಲೆಯಾಡಿಸಿದ. ಮತ್ತೇನೂ ಕೇಳಲಿಲ್ಲ. ಎದ್ದು, ದೊಡ್ಡಪ್ಪನ ಕೈ ಹಿಡಿದುಕೊಂಡು ನಡೆದ.

ಬಟ್ಟೆ ಬಂತಾ ಎಂದೇಕೆ ಕೇಳಿದ? ಪದ್ಮಿನಿ ಜೇಬಿಗೆ ಕೈ ಹಾಕಿದಳು. ಒಂದು ಮಡಿಕೆ ಬಿಡಿಸಿದಳು, ಎರಡು, ಮೂರು... ನಾಲ್ಕನೆಯ ಮಡಿಕೆಯ ಒಳಗೆ, ನಡುವಿನಲ್ಲಿ, ಹುರುಳಿಕಾಳಿನಷ್ಟು ಕೆಂಪು.

ಅವಳು ಬಟ್ಟೆಯನ್ನು ಬಿಸಿಲಿಗೆ ಹಿಡಿದಳು.

ಬೆಳಿಗ್ಗೆಯ ಅಭ್ಯಾಸದಲ್ಲಿ ಚುಕ್ಕಿಗೆ ರಕ್ತ ಬಂದಿತ್ತು. ಪೊರೆ ಬಂದ ಕಣ್ಣಿಗೆ ಕೆಂಪು ಕಾಣದ, ಗೆಲ್ಲುವ ಆಸೆ ಬಿಡದ ದೊಡ್ಡಪ್ಪನೊಡನೆ ವಾದಕ್ಕೆ ನಿಲ್ಲಲು ಹೊತ್ತಿರದೆ ಜಡೇಸ್ವಾಮಿ ಬಟ್ಟೆಯನ್ನು ಅವಳಿಗೆ ಕಳಿಸಿದ್ದ. ಡಾಕ್ಟ್ರಮ್ಮ ನೋಡಿದರೆ ಸಾಕು, ಚುಕ್ಕಿಯನ್ನು ಓಡಲು ಬಿಡುವುದಿಲ್ಲ ಎಂದು ನಂಬಿದ್ದ. ಈಗ ಅವನೇನು ತಿಳಿದುಕೊಂಡಿರಬಹುದು? ಕೆಂಪನ್ನು ಕಣ್ಣಾರೆ ಕಂಡೂ, ತನ್ನ ವಾದ ಗೆಲ್ಲಿಸಿಕೊಳ್ಳಲು ಸೂಜಿ ಹಾಕಿ ಓಡಿಸಿದಳು ಎಂದಲ್ಲವೇ?

ನಾನು ಕೊಂದೆ... ನೋಡಲಿಲ್ಲ, ಕೇಳಲಿಲ್ಲ, ಕೊಂದೆ.

ಅವಳು ಮೂರು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ನಾಲ್ಕನೆಯ ಸಲ ಮಾಡುವ ಧೈರ್ಯ ಅವಳಿಗೆ ಬರಲಿಲ್ಲ. ಊಟ ಸೇರದೆ, ಕ್ಲಿನಿಕ್ಕಿನ ಬಾಗಿಲೂ ತೆಗೆಯದೆ ದಿನ ತಳ್ಳಿದಳು. ಗುರುಸಿದ್ದಮ್ಮ ಮಗಳ ತಲೆ ಸವರಿ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಿದ್ದರು.

ಹನ್ನೊಂದನೆಯ ದಿನ ಕಮಿಟಿಯ ಸಭೆ. ಕೆರೆ ಬಯಲಿನ ಪಕ್ಕದ ಶೆಡ್ಡಿನಲ್ಲಿ ಕುದುರೆ ಸಾಕುವವರೆಲ್ಲ ಸೇರಿದ್ದರು. ಎಲ್ಲರ ಹಿಂದೆ, ಬಾಗಿಲಿಗೆ ಒರಗಿ ಜಡೇಸ್ವಾಮಿ. ಪಕ್ಕದಲ್ಲಿ ಕೋಲು ಹಿಡಿದು ಕೂತ ಚಿಕ್ಕಮಾದಪ್ಪ.

ಅಧ್ಯಕ್ಷ ಶಿವರುದ್ರಸ್ವಾಮಿ ರಿಜಿಸ್ಟರ್ ತೆರೆದರು. "ಡಾಕ್ಟ್ರೇ, ಇದರಲ್ಲಿ ಮಾಲೀಕರ ಒಪ್ಪಿಗೆ ಮೇರೆಗೆ ಅಂತ ಬರೆದಿದ್ದೀರಿ. ಕುದುರೆ ಚಿಕ್ಕಮಾದಪ್ಪನ ಹೆಸರಲ್ಲೇ ಇದೆ. ನಿಮ್ಮದೇನೂ ತಪ್ಪಿಲ್ಲ. ಇಲ್ಲಿಗೆ ಮುಗಿಸೋಣ."

"ಮುಗಿಸೋಕಾಗಲ್ಲ ಸರ್." ಪದ್ಮಿನಿ ಎದ್ದು ನಿಂತಳು. "ಈ ಬಟ್ಟೆ ಬೆಳಿಗ್ಗೆನೇ ನನ್ನ ಕೈಗೆ ಬಂದಿತ್ತು. ಇದರಲ್ಲಿ ರಕ್ತ ಇದೆ. ನಾನು ಬಿಡಿಸಿ ನೋಡಲಿಲ್ಲ. ನೋಡಿದ್ರೆ ಚುಕ್ಕಿ ಓಡ್ತಿರಲಿಲ್ಲ, ಸಾಯ್ತಿರಲಿಲ್ಲ. ತಪ್ಪು ನನ್ನದು."

ಅವಳು ಬಟ್ಟೆಯನ್ನು ಬಿಡಿಸಿ ಎಲ್ಲರ ಮುಂದೆ ಹಿಡಿದಳು.

"ಇನ್ನೊಂದು ಮಾತು. ಸೂಜಿ ಕೆಟ್ಟದ್ದು ಅಂತ ನಾನು ಈಗಲೂ ಹೇಳಲ್ಲ. ಆದ್ರೆ ನಾವು ಅದನ್ನ ಕಾಯಿಲೆ ಕುದುರೆ ಉಳಿಸೋಕೆ ಬಳಸಲಿಲ್ಲ, ಓಡಿಸೋಕೆ ಬಳಸಿದ್ವಿ. ಓಟದ ದಿನ ಮರಿಗಳಿಗೆ ಸೂಜಿ ಬೇಡ. ಬಟ್ಟೆ ಕೆಂಪಾದ್ರೆ ಇಪ್ಪತ್ತೊಂದು ದಿನ ಮನೇಲಿರ್ಲಿ. ನಾನು ಮಾಡಿಸಿದ ನಿಯಮ ನಾನೇ ವಾಪಸ್ ತಗೋತೀನಿ. ಈ ಕೆಲಸಾನೂ ಬಿಡ್ತೀನಿ."

"ಸೂಜಿ ಇಲ್ದಿದ್ರೆ ಇನ್ನೂ ನಾಕು ಸಾಯ್ತವೆ, ಆಗೇನ್ ಮಾಡೀರಿ?" ಯಾರೋ ಕೂಗಿದರು.

"ಓಡಿಸದಿದ್ರೆ ಒಂದೂ ಸಾಯಲ್ಲ" ಎಂದಳು.

ಚಿಕ್ಕಮಾದಪ್ಪನ ಹೆಸರನ್ನು ಅವಳು ಎತ್ತಲೇ ಇಲ್ಲ. ಆ ಮುದುಕ ಕೋಲು ಊರಿ ಎದ್ದರು.

"ಸಾ... ಆ ಮಗೀನ ಬಯ್ಬೇಡಿ. ಜಡೇಸ್ವಾಮಿ ಬಟ್ಟೆ ಕೊಡು ಅಂದ, ಅಷ್ಟೇಯ. ಸೂಜಿ ಆಕ್ಸು ಅಂತ ಅವನು ಯೋಳ್ನಿಲ್ಲ. ಅದ ನಾನೇ ಸುಳ್ಳಾಡ್ದೆ. ನನ್ ಕಣ್ಗೆ ಬಟ್ಟೆ ಬೆಳ್ಳಗೇ ಕಾಣ್ತಿತ್ತು ಸಾ. ಒಂದ್ಸಲ ಗೆಲ್ಲೋದ ನೋಡವಾ ಅಂತ ಆಸೆ ಬಿದ್ದೆ." ಅವರು ಪೊರೆ ಬಂದ ಕಣ್ಣು ಒರೆಸಿಕೊಂಡರು. "ಅದೂ ಕಾಣ್ನಿಲ್ಲ."

ಜಡೇಸ್ವಾಮಿ ಒರಗಿದ್ದ ಬಾಗಿಲಿನಿಂದ ನೆಟ್ಟಗಾದ. ದೊಡ್ಡಪ್ಪನನ್ನು ನೋಡಿದ. ಆಮೇಲೆ ಪದ್ಮಿನಿಯನ್ನು ನೋಡಿದ.

ಸಭೆ ಮುಗಿಯುವ ಮೊದಲೇ ಪದ್ಮಿನಿ ಹೊರಗೆ ಬಂದುಬಿಟ್ಟಿದ್ದಳು. ಕಾಲು ತಾನಾಗಿ ಗೆರೆಯಾಚೆಯ ಇಪ್ಪತ್ತು ಹೆಜ್ಜೆಗೆ ಕರೆದೊಯ್ದಿತು. ಮಣ್ಣಿನ ಮೇಲೆ ಕಲೆ ಉಳಿದಿರಲಿಲ್ಲ. ಗಾಳಿ ಎಲ್ಲವನ್ನೂ ಮುಚ್ಚಿತ್ತು. ಅವಳು ಅಲ್ಲೇ ಕುಕ್ಕರಿಸಿದಳು.

ಹಿಂದೆ ಹೆಜ್ಜೆ ಸಪ್ಪಳ. ಜಡೇಸ್ವಾಮಿ ಬಂದು ಮೂರು ಮಾರು ದೂರದಲ್ಲಿ ಕೂತ.

"ಬಟ್ಟೆ ಕೊಡಿ."

ಅವಳು ಕೊಟ್ಟಳು. ಅವನು ಬಿಡಿಸಿ ನೋಡಿದ. ಕೆಂಪು ಒಣಗಿ ಕಂದಾಗಿತ್ತು.

"ಒಗೀನಿಲ್ವಾ?"

"ಕೈ ಬರ್ಲಿಲ್ಲ."

ಅವನು ಕಲೆಯ ಮೇಲೆ ಹೆಬ್ಬೆರಳು ಆಡಿಸಿದ.

"ನಂದೂ ತಪ್ಪದೆ" ಎಂದ ಅವನು. "ಬಟ್ಟೆ ಬಂತಾ ಅಂದೆ. ನೋಡುದ್ರಾ ಅಂತ ಕೇಳ್ನಿಲ್ಲ. ನೋಡೂ ಇಂಗ್ ಮಾಡುದ್ರಲ್ಲ ಅಂತ ಅನ್ನೊಂದು ದಿನ ನಿಮ್ನ ಮನಸ್ನಲ್ಲೇ ಬಯ್ದೆ."

"ಬಯ್ಯಬೇಕಾದ್ದೇ. ನೋಡ್ದೇ ಇದ್ದಿದ್ದೇನು ಕಮ್ಮಿ ತಪ್ಪಾ?"

"ಕಮ್ಮಿ ಅಲ್ಲ. ಸುಳ್ಳು ಯೋಳಲ್ಲ ನಾನು, ಕೋಪ ಇನ್ನೂ ಓಗಿಲ್ಲ. ಚುಕ್ಕಿ ನೆನ್ಸ್ಕಂಡ್ರೆ ಒಟ್ಟೆ ಉರೀತದೆ." ಅವನು ಬಯಲಿನತ್ತ ಮುಖ ತಿರುಗಿಸಿದ. "ದಿನಾ ಬೆಳಿಗ್ಗೆ ರಾಣಿ ಮಗ್ಳ ಕೂಗ್ತದೆ ಡಾಕ್ಟ್ರಮ್ಮ. ಬಾಗ್ಲ ಕಡೀಕೆ ನೋಡ್ಕಂಡು ಕೂಗ್ತದೆ. ಅದ ಯಾರ್ಗಾದ್ರೂ ಯೋಳವಾ ಅಂದ್ರೆ... ನಿಮ್ಮ ಬುಟ್ರೆ ನಂಗೆ ಬೇರೆ ಯಾರೂ ಗ್ಯಾಪ್ಕಕ್ಕೆ ಬರ್ನಿಲ್ಲ."

ಹನ್ನೊಂದು ದಿನದಿಂದ ಕಟ್ಟಿಟ್ಟಿದ್ದ ಅಳು ಪದ್ಮಿನಿಗೆ ಆಗ ಬಂತು. ಮುಖ ಮುಚ್ಚಿಕೊಳ್ಳಲಿಲ್ಲ. ಅವನು ಸಮಾಧಾನ ಮಾಡಲು ಹೋಗಲಿಲ್ಲ, ಎದ್ದೂ ಹೋಗಲಿಲ್ಲ. ಮೂರು ಮಾರು ದೂರವನ್ನು ದಾಟಿ ಬಂದು ಪಕ್ಕದಲ್ಲಿ ಕೂತ, ಅಂಗೈಯನ್ನು ಇಬ್ಬರ ನಡುವಿನ ಮಣ್ಣಿನ ಮೇಲೆ ಇಟ್ಟ.

ಅವಳು ಕಣ್ಣೊರೆಸಿಕೊಂಡು ಆ ಅಂಗೈ ನೋಡಿದಳು.

"ನಾನು ಇನ್ಮೇಲೆ ಏನನ್ನೂ ಊಹೆ ಮಾಡ್ಕೊಳ್ಳಲ್ಲ ಜಡೇಸ್ವಾಮಿ. ಬಾಯಿಬಿಟ್ಟು ಕೇಳ್ತೀನಿ. ನೀವೂ ಬಾಯಿಬಿಟ್ಟು ಹೇಳಿ. ನೀವು ನಂಗೆ ಬೇಕು. ಇಷ್ಟೆಲ್ಲ ಆದ ಮೇಲೂ ನಾನು ನಿಮ್ಮನೆಗೆ ಬರ್ಬೋದಾ? ಡಾಕ್ಟ್ರಾಗಿ ಅಲ್ಲ."

ಅವನು ಬಟ್ಟೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡ.

"ಬನ್ನಿ" ಎಂದ.

ಅವಳಿಗೆ ಸರಿಯಾಗೇ ಕೇಳಿಸಿತ್ತು. ಆದರೂ ಕೇಳಿದಳು. "ಏನಂದ್ರಿ?"

ಮಣ್ಣಾದ ಅಂಗೈ ಎತ್ತಿ ಅವಳ ಕೈ ಹಿಡಿದುಕೊಂಡ.

"ಬಾ ಅಂದೆ, ಪದ್ಮಿನಿ. ರಾಣಿ ಒಂದೇ ಅದೆ ಈಗ, ಮನೆಗೆ ಬಾ."